ತರಗತಿಯಲ್ಲಿ ಕಂಡದ್ದು ಮರುದಿನದ ಪಾಠಕ್ಕೆ ಇಳಿಯುವುದು ಹೇಗೆ? (4–5ನೇ ತರಗತಿ ಗಣಿತ)

ಮಾವಿನತೋಪು_ಶ್ರೀನಿವಾಸಪುರ:

ನಮಸ್ಕಾರ. ಶ್ರೀನಿವಾಸಪುರ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆ. 4 ಮತ್ತು 5ನೇ ತರಗತಿ ಒಂದೇ ಕೊಠಡಿಯಲ್ಲಿ, ಒಟ್ಟು 26 ಮಕ್ಕಳು. ಮುಕ್ಕಾಲು ಪಾಲು ಮಕ್ಕಳ ಮನೆಮಾತು ತೆಲುಗು.

ಅವಲೋಕನ ಪುಸ್ತಕ ದಿನವೂ ತುಂಬುತ್ತಿದೆ. ಆದರೆ ಅದರಲ್ಲಿರುವುದು "ಮಕ್ಕಳು ಆಸಕ್ತಿಯಿಂದ ಭಾಗವಹಿಸಿದರು", "ಕೆಲವರಿಗೆ ದಶಕ ಸಹಿತ ವ್ಯವಕಲನ (ಹತ್ತನ್ನು ಬಿಡಿಸಿಕೊಂಡು ಕಳೆಯುವುದು) ಅರ್ಥವಾಗಿಲ್ಲ, ಪುನರಾವರ್ತನೆ ಬೇಕು" ಎಂಬಂಥ ಸಾಲುಗಳು. ಅದನ್ನು ಓದಿ ಮರುದಿನ ಏನನ್ನು ಬದಲಿಸಬೇಕೋ ತಿಳಿಯುವುದಿಲ್ಲ. ಪಾಠ ಯೋಜನೆ ಮೊದಲು ಬರೆದಂತೆಯೇ ಸಾಗುತ್ತದೆ.

ಈ ವಾರ ಎರಡೂ ತರಗತಿಗೆ 403 − 158 ಕೊಟ್ಟಾಗ ಬಂದದ್ದು: 9 ಮಂದಿ ಸರಿ, 245. ಏಳು ಮಂದಿ 355, ಐದು ಮಂದಿ 255, ಇಬ್ಬರು 345. ಒಬ್ಬರು 561. ಇಬ್ಬರ ಪುಟ ಖಾಲಿ.

ಕೇಳಬೇಕಾದದ್ದು ನಾಲ್ಕು. 40 ನಿಮಿಷದ ಅವಧಿಯಲ್ಲಿ ಪಾಠ ಮಾಡುತ್ತಲೇ ಏನನ್ನು ಬರೆದುಕೊಳ್ಳಬೇಕು? ಇಡೀ ತರಗತಿಗೆ ಮತ್ತೆ ಹೇಳಬೇಕೋ, ಕೆಲವರಿಗೆ ಸಾಕೋ ಎಂದು ತೀರ್ಮಾನಿಸುವುದು ಹೇಗೆ? "ಅರ್ಥ ಆಯ್ತಾ?" ಎಂದರೆ ಎಲ್ಲರೂ ಒಟ್ಟಿಗೆ "ಆಯ್ತು" ಎನ್ನುತ್ತಾರೆ, ಅದಕ್ಕೇನು ದಾರಿ? ಕೊನೆಯದಾಗಿ, ಹಿಂದಕ್ಕೆ ಹೋದರೆ ಪಾಠ ಮುಗಿಯುವುದು ಯಾವಾಗ?

---

ಸಿದ್ದರಬೆಟ್ಟ_ಗಣಿತ:

ನಿಮಗೆ ಬೇಕಾದ ಅವಲೋಕನ ನಿಮ್ಮ ಪ್ರಶ್ನೆಯೊಳಗೇ ಇದೆ. "ಕೆಲವರಿಗೆ ಅರ್ಥವಾಗಿಲ್ಲ" ಎಂಬ ಸಾಲಿನಿಂದ ಏನೂ ಹುಟ್ಟುವುದಿಲ್ಲ. ಇಲ್ಲಿ ಬರೆದಿರುವ 355, 255, 345 ಎಂಬ ಮೂರು ಸಂಖ್ಯೆಗಳಿಂದ ನಾಳೆಯ ಪಾಠವನ್ನೇ ಕಟ್ಟಬಹುದು. ತಪ್ಪು ಉತ್ತರವನ್ನು ಇದ್ದ ಹಾಗೆಯೇ ಬರೆದುಕೊಳ್ಳುವುದು ಮೊದಲ ಅಭ್ಯಾಸವಾಗಲಿ. ಕೆಂಪು ಗೀಟು ಹಾಕಿ ಪುಸ್ತಕ ಹಿಂದಿರುಗಿಸಿದರೆ ಆ ಮಾಹಿತಿ ಅಲ್ಲಿಗೇ ಕಳೆದುಹೋಗುತ್ತದೆ.

ಕಳೆಯುವ ಲೆಕ್ಕದಲ್ಲಿ ಮಕ್ಕಳ ಬಹುಪಾಲು ತಪ್ಪುಗಳ ಹಿಂದೆ ಒಂದು ನಿಯಮ ಇರುತ್ತದೆ. ನಿಯಮ ತಪ್ಪು, ಆದರೆ ಮಗು ಅದನ್ನು ಶ್ರದ್ಧೆಯಿಂದ ಪಾಲಿಸಿರುತ್ತದೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ಇಂಥ ನಿಯಮಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ್ದಾರೆ. ನಿಮ್ಮ ತರಗತಿಯಲ್ಲಿ ಬಂದದ್ದನ್ನೇ ನೋಡೋಣ.

355 ಬರೆದವರು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾರೆ. ಮೇಲೆ ಯಾವುದಿದೆ, ಕೆಳಗೆ ಯಾವುದಿದೆ ಎಂಬುದು ಅವರಿಗೆ ಲೆಕ್ಕಕ್ಕೇ ಬಂದಿಲ್ಲ. 8ರಲ್ಲಿ 3 ಹೋದರೆ 5, 5ರಲ್ಲಿ 0 ಹೋದರೆ 5, 4ರಲ್ಲಿ 1 ಹೋದರೆ 3. ನೂರನ್ನು ಹತ್ತುಗಳಾಗಿ, ಹತ್ತನ್ನು ಬಿಡಿಗಳಾಗಿ ಬಿಡಿಸಿಕೊಳ್ಳುವ ಅಗತ್ಯವೇ ಅವರ ಕಣ್ಣಿಗೆ ಬಿದ್ದಿಲ್ಲ.

345 ಬರೆದವರಿಗೆ 0 ಇದ್ದಲ್ಲಿ 9 ಆಗುತ್ತದೆ ಎಂಬುದು ನೆನಪಿದೆ. ಆ 9 ಎಲ್ಲಿಂದ ಬಂತು ಎಂಬುದಿಲ್ಲ. ನೂರರ ಸ್ಥಾನದ 4 ಹಾಗೇ ಉಳಿದಿದೆ.

255 ಬರೆದವರು ನೂರರಿಂದ ತೆಗೆದಿದ್ದಾರೆ, 4 ಅನ್ನು 3 ಮಾಡಿದ್ದಾರೆ, ಹತ್ತರ ಸ್ಥಾನದಲ್ಲಿ ಎಡವಿದ್ದಾರೆ.

561 ಕೂಡಿದ್ದು. ಚಿಹ್ನೆ ನೋಡಿಲ್ಲ ಅಷ್ಟೆ. ಆ ಮಗುವಿಗೆ "ಈ ಗುರುತು ಏನು ಹೇಳುತ್ತಿದೆ?" ಎಂದು ಕೇಳಿ ಅದೇ ಲೆಕ್ಕವನ್ನು ಮತ್ತೆ ಕೊಟ್ಟರೆ ಸಾಕು, ಪಾಠ ಬೇಡ.

ಉತ್ತರವನ್ನು 158ರ ಜೊತೆ ಕೂಡಿಸಿ ನೋಡುವುದನ್ನು ಮಕ್ಕಳಿಗೂ ಕಲಿಸಿ. 255 + 158 = 413, ಇರಬೇಕಾದ್ದಕ್ಕಿಂತ 10 ಹೆಚ್ಚು. 345 + 158 = 503, ಸರಿಯಾಗಿ 100 ಹೆಚ್ಚು. ಬಿಡಿಸಿಕೊಂಡ ಮೇಲೆ ಎಲ್ಲಿ ಕಡಿಮೆ ಮಾಡಲಿಲ್ಲವೋ ಅಷ್ಟೇ ಮೊತ್ತ ಹೆಚ್ಚಾಗಿ ಬಂದು ಕೂರುತ್ತದೆ. ಒಂದು ನೂರನ್ನು ಬಿಡಿಸಿಯೂ ಆ ನೂರನ್ನು ಇಟ್ಟುಕೊಂಡರೆ ನೂರು ಹೆಚ್ಚಾಗಲೇಬೇಕಲ್ಲ. 5ನೇ ತರಗತಿಯ ಮಕ್ಕಳು ಇದನ್ನು ತಾವೇ ಕಂಡುಹಿಡಿಯುವಂತೆ ಮಾಡಿದರೆ ಆ ತಪ್ಪು ಬೇಗ ಬಿಡುತ್ತದೆ.

---

ಕಲ್ಪತರು_ತಿಪಟೂರು:

ಮೇಲಿನ ವಿವರಣೆ ಸರಿಯಾಗಿದೆ. ಒಂದು ಎಚ್ಚರಿಕೆ ಸೇರಿಸುತ್ತೇನೆ: 403 − 158 ರೋಗಪತ್ತೆಗೆ ಒಳ್ಳೆಯ ಲೆಕ್ಕವಲ್ಲ. 255 ಎಂಬ ಉತ್ತರ ಎರಡು ಬೇರೆ ದಾರಿಗಳಿಂದ ಬರುತ್ತದೆ.

ಒಂದು, ಮಗು ಸೊನ್ನೆಯನ್ನು ಹಾರಿ ನೂರರಿಂದ ನೇರವಾಗಿ ಬಿಡಿಗೆ ತಂದಿದೆ, ಹತ್ತರ ಸ್ಥಾನದಲ್ಲಿ 0 ಮತ್ತು 5 ಕಂಡು 5 ಬರೆದಿದೆ. ಇನ್ನೊಂದು, ನೂರನ್ನು ಸರಿಯಾಗಿ ಹತ್ತು ಹತ್ತುಗಳಾಗಿ ಬಿಡಿಸಿದೆ, ಅದರಲ್ಲಿ ಒಂದು ಹತ್ತನ್ನು ಬಿಡಿಗೆ ಕೊಟ್ಟದ್ದನ್ನು ಗುರುತು ಹಾಕಲು ಮರೆತಿದೆ, 10ರಲ್ಲಿ 5 ಹೋದರೆ 5 ಎಂದು ಬರೆದಿದೆ. ಎರಡನೆಯ ಮಗುವಿಗೆ ವಿಷಯ ಬಹುತೇಕ ಬಂದಿದೆ. ಮೊದಲನೆಯದಕ್ಕೆ ಸ್ಥಾನಬೆಲೆಯೇ ಗಟ್ಟಿಯಾಗಿಲ್ಲ. ಕಳೆಯುವ ಸಂಖ್ಯೆಯ ಹತ್ತರ ಸ್ಥಾನದಲ್ಲಿ 5 ಇದ್ದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಆದ್ದರಿಂದ ಆ ಐದು ಮಂದಿಗೆ 502 − 264 ಕೊಡಿ. ಸರಿ ಉತ್ತರ 238. ಸೊನ್ನೆ ಹಾರಿದವರಿಗೆ 268 ಬರುತ್ತದೆ. ಹತ್ತನ್ನು ಕಡಿಮೆ ಮಾಡಲು ಮರೆತವರಿಗೆ 248. ಸೊನ್ನೆಯನ್ನು ಸುಮ್ಮನೆ 9 ಮಾಡಿದವರಿಗೆ 338. ದೊಡ್ಡದರಿಂದ ಚಿಕ್ಕದನ್ನು ಕಳೆಯುವವರಿಗೆ 362. "0ಯಲ್ಲಿ 6 ಹೋಗಲ್ಲ, ಅದಕ್ಕೇ 0" ಎನ್ನುವವರಿಗೆ 208. ಒಂದೊಂದು ತಪ್ಪಿಗೆ ಒಂದೊಂದು ಉತ್ತರ. ಲೆಕ್ಕ ಆರಿಸುವ ಮುನ್ನ ಮನೆಯಲ್ಲಿ ಐದು ನಿಮಿಷ ಕೂತು, ಯಾವ ತಪ್ಪಿಗೆ ಯಾವ ಉತ್ತರ ಬರುತ್ತದೆ ಎಂದು ಬರೆದುಕೊಂಡು ಹೋದರೆ ತರಗತಿಯಲ್ಲಿ ಸ್ಲೇಟು ನೋಡಿದ ಕೂಡಲೇ ತಿಳಿಯುತ್ತದೆ. ಗಮನಿಸುವ ಕೆಲಸದ ಅರ್ಧ ಭಾಗ ಪ್ರಶ್ನೆ ಆರಿಸುವುದರಲ್ಲೇ ಮುಗಿಯುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

355ರ ಏಳು ಮಂದಿಗೆ ಮುಂದಿನ ಲೆಕ್ಕ ಸೊನ್ನೆಯದ್ದು ಬೇಡ. 43 − 18 ಕೊಡಿ. 25 ಬಂದರೆ ತೊಡಕು ಸೊನ್ನೆಯಲ್ಲಿ ಮಾತ್ರ. 35 ಬಂದರೆ ಎರಡಂಕಿಯಲ್ಲೇ ಅದೇ ನಿಯಮ ಕೂತಿದೆ, ಮೂರಂಕಿಯ ಪಾಠವನ್ನು ಎಷ್ಟು ಸಲ ಹೇಳಿದರೂ ಪ್ರಯೋಜನವಿಲ್ಲ. ಒಂದೇ ಲೆಕ್ಕದಿಂದ ಯಾರನ್ನೂ ತೀರ್ಮಾನಿಸಬೇಡಿ. ಒಂದೇ ಜಾತಿಯ ಎರಡು ಲೆಕ್ಕದಲ್ಲಿ ಅದೇ ತಪ್ಪು ಮರುಕಳಿಸಿದರೆ ಅದು ನಿಯಮ, ಒಂದರಲ್ಲಿ ಮಾತ್ರ ಬಂದರೆ ಕೈತಪ್ಪು.

---

ಕ್ಲಸ್ಟರ್_ಗೌರಿಬಿದನೂರು:

ಏನು ಬರೆಯಬೇಕು, ಎಲ್ಲಿ ಬರೆಯಬೇಕು ಎಂಬುದಕ್ಕೆ ಉತ್ತರಿಸುತ್ತೇನೆ. ಬೇರೆಯವರ ತರಗತಿಗಳನ್ನು ಕೂತು ನೋಡುವ ಕೆಲಸದಲ್ಲಿ ಪದೇ ಪದೇ ಕಾಣುವ ತೊಂದರೆಗಳು ಇವೇ.

ಒಂದು ಎ4 ಹಾಳೆಯಲ್ಲಿ ಮಕ್ಕಳು ಕೂರುವ ಜಾಗದಂತೆಯೇ 26 ಚೌಕ ಹಾಕಿ, ಹೆಸರು ಬರೆದು, ಅದನ್ನು ವಾರಕ್ಕೊಂದರಂತೆ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಹಾಜರಿ ಕ್ರಮದ ಪಟ್ಟಿ ಬೇಡ. ಓಡಾಡುತ್ತಾ ಪಟ್ಟಿಯಲ್ಲಿ ಹೆಸರು ಹುಡುಕುವಷ್ಟರಲ್ಲಿ ನೋಡಬೇಕಾದ್ದು ತಪ್ಪಿಹೋಗುತ್ತದೆ. ರಟ್ಟಿನ ಪ್ಯಾಡಿಗೆ ಸಿಕ್ಕಿಸಿ ಕೈಯಲ್ಲೇ ಇರಲಿ.

ಗುರುತುಗಳು ನಾಲ್ಕೇ ಸಾಕು. ಸ್ವಂತವಾಗಿ ಮಾಡಿದರೆ "ಸ್ವ", ಸುಳಿವು ಕೊಟ್ಟ ಮೇಲೆ ಮಾಡಿದರೆ "ಸು", ಪಕ್ಕದವರನ್ನು ನೋಡಿ ಮಾಡಿದರೆ "ಪ", ಶುರುವೇ ಮಾಡದಿದ್ದರೆ ಒಂದು ಅಡ್ಡಗೆರೆ. ತಪ್ಪಾದರೆ ಉತ್ತರವನ್ನು ಹಾಗೇ ಬರೆಯಿರಿ. ಎಂಟು ಹತ್ತು ಸಂಕೇತ ಮಾಡಿಕೊಂಡವರು ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ. "ಸು" ಮತ್ತು "ಪ" ಎರಡನ್ನೂ ಬಿಡಬೇಡಿ. ಅವಿಲ್ಲದಿದ್ದರೆ ನೋಡಿ ಬರೆದ ಸರಿ ಉತ್ತರವೂ ಸರಿ ಉತ್ತರವೇ ಆಗಿಬಿಡುತ್ತದೆ, ನಿಮ್ಮ 9 ಎಂಬ ಸಂಖ್ಯೆ ನಿಜಕ್ಕೂ 6 ಇರಬಹುದು.

ಲೆಕ್ಕ ಕೊಟ್ಟ ಮೇಲಿನ ಮೊದಲ 4 ನಿಮಿಷ ಬಾಯಿ ತೆರೆಯಬಾರದು. ಇದು ಎಲ್ಲಕ್ಕಿಂತ ಕಷ್ಟ. ಮೊದಲ ಸಾಲಿನಲ್ಲಿ ತಪ್ಪು ಕಂಡ ಕೂಡಲೇ ಕೂತು ಹೇಳಿಕೊಡಲು ಶುರು ಮಾಡಿದರೆ ಅವತ್ತಿನ ಅವಲೋಕನ ಆ ಒಂದು ಮಗುವಿಗೇ ನಿಲ್ಲುತ್ತದೆ, ಹಿಂದಿನ ಮೂಲೆಯವರು ಯಾವಾಗಲೂ ಕಣ್ಣಿಗೆ ಬೀಳುವುದಿಲ್ಲ. ಮೊದಲ ಸುತ್ತು ನೋಡಿ ಬರೆಯುವುದಕ್ಕೆ, ಎರಡನೇ ಸುತ್ತು ಸಹಾಯಕ್ಕೆ. ನಡೆಯುವ ದಾರಿಯನ್ನೂ ದಿನ ದಿನ ಬದಲಿಸಿ: ಒಂದು ದಿನ ಕಿಟಕಿ ಕಡೆಯಿಂದ, ಒಂದು ದಿನ ಹಿಂದಿನ ಗೋಡೆಯಿಂದ.

ಉತ್ತರ ಎಲ್ಲರದ್ದೂ ಬರೆಯಬಹುದು, ಆದರೆ ಮಗು ಹೇಗೆ ಮಾಡುತ್ತಿದೆ ಎಂಬುದನ್ನು ದಿನಕ್ಕೆ 6–7 ಮಂದಿಯದ್ದು ಮಾತ್ರ ನೋಡಿ. ನಾಲ್ಕು ದಿನಕ್ಕೆ 26 ಮಂದಿಯೂ ಆದರು. ಬೆರಳು ಎಣಿಸಿದ್ದು, ಎಡದಿಂದ ಶುರು ಮಾಡಿದ್ದು, ಅಳಿಸಿ ಬರೆದದ್ದು, ಎಲ್ಲಿ ಪೆನ್ಸಿಲ್ ನಿಂತಿತು ಎಂಬುದು, ಇವು ಪುಸ್ತಕ ತಿದ್ದುವಾಗ ಕಾಣುವುದಿಲ್ಲ.

ಅವಧಿ ಮುಗಿದ ಮೇಲೆ, ಮುಂದಿನ ತರಗತಿಗೆ ಮುಂಚೆ, ಮೂರು ಸಾಲು. ಕಂಡದ್ದು ಏನು, ಕಾರಣ ಏನಿರಬಹುದು, ನಾಳೆ ಏನು. ಮೊದಲನೆಯ ಸಾಲಿನಲ್ಲಿ ಕಣ್ಣಿಗೆ ಕಂಡದ್ದು ಮಾತ್ರ. "ಹುಡುಗ ಸೋಮಾರಿ" ಎಂದು ಬರೆದರೆ ನಾಳೆಗೆ ಗದರಿಕೆ ಬಿಟ್ಟು ಬೇರೇನೂ ಹೊಳೆಯದು. "ಪ್ರಶ್ನೆ ನಕಲು ಮಾಡಿ, ಪೆನ್ಸಿಲ್ ಇಟ್ಟು, ಪಕ್ಕದ ಪುಸ್ತಕ ನೋಡಿದ" ಎಂದು ಬರೆದರೆ, ಓದಲು ಬಂತೋ ಇಲ್ಲವೋ, ಶುರು ಎಲ್ಲಿಂದ ಎಂದು ತಿಳಿಯಿತೋ ಇಲ್ಲವೋ ಎಂದು ಪರೀಕ್ಷಿಸಲು ದಾರಿ ಇದೆ. ಕಾರಣದ ಸಾಲಿನಲ್ಲಿ ಕನಿಷ್ಠ ಎರಡು ಊಹೆ ಇರಲಿ. ಒಂದೇ ಊಹೆ ಇದ್ದರೆ ಅದನ್ನೇ ನಂಬಿಬಿಡುತ್ತೇವೆ. ನಾಳೆಯ ಸಾಲಿನಲ್ಲಿ ಕ್ರಿಯೆ, ಸಾಮಗ್ರಿ, ಎಷ್ಟು ನಿಮಿಷ, ಯಾರಿಗೆ ಎಂಬ ನಾಲ್ಕೂ ಇರಬೇಕು. "ಪುನರಾವರ್ತನೆ" ಎಂಬ ಪದವನ್ನು ಆ ಸಾಲಿನಲ್ಲಿ ಬಳಸಲೇಬೇಡಿ.

ಸಂಜೆ ಮನೆಗೆ ಹೋಗಿ ಬರೆಯುತ್ತೇನೆ ಎಂದರೆ ನೆನಪಿನಲ್ಲಿ ಉಳಿದಿರುವುದು ಗಟ್ಟಿಯಾಗಿ ಮಾತಾಡುವ ಮಕ್ಕಳು ಮಾತ್ರ.

---

ಬಾಗೇಪಲ್ಲಿ_ಭಾಷೆ:

ಗಣಿತದವರು ಬಿಟ್ಟ ಒಂದು ಸಂಗತಿ ಹೇಳುತ್ತೇನೆ. ನಿಮ್ಮಲ್ಲಿ ಮುಕ್ಕಾಲು ಮಂದಿ ಮನೆಯಲ್ಲಿ ತೆಲುಗು ಆಡುತ್ತಾರೆ. ಹಾಗಾದರೆ ತಪ್ಪು ಲೆಕ್ಕದ್ದೋ ಕನ್ನಡದ್ದೋ ಎಂದು ಬೇರ್ಪಡಿಸದೆ ಮುಂದೆ ಹೋಗಬೇಡಿ. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು, ಪಾವಗಡ ಎಲ್ಲ ಕಡೆಯೂ ಇದು ಬೇಕು.

ತೆಲುಗಿನಲ್ಲಿ ನೂರಕ್ಕೆ "ವಂದ". ಕನ್ನಡದ "ಒಂದು" ಕಿವಿಗೆ ಅದರ ಪಕ್ಕವೇ ಬೀಳುತ್ತದೆ. ಅಲ್ಲಿ ಒಂಬತ್ತಕ್ಕೆ "ತೊಮ್ಮಿದಿ", ಇಲ್ಲಿ ತೊಂಬತ್ತು ಎಂದರೆ 90. ಬಾಯಲ್ಲಿ ಹೇಳಿ ಬರೆಸಿದ ಲೆಕ್ಕದಲ್ಲಿ ಇದು ತೊಡಕಾಗಬಹುದು. ಪರೀಕ್ಷಿಸುವುದು ಸುಲಭ: 409, 490, 190, 109, 900 ಇವನ್ನು ಬಾಯಲ್ಲಿ ಹೇಳಿ ಸ್ಲೇಟಿನಲ್ಲಿ ಬರೆಸಿ. ಆಮೇಲೆ ಇವನ್ನೇ ಬೋರ್ಡಿನಲ್ಲಿ ಅಂಕಿಯಲ್ಲಿ ಬರೆದು ಯಾವುದು ದೊಡ್ಡದು ಕೇಳಿ. ಮೊದಲನೆಯದು ತಪ್ಪಿ ಎರಡನೆಯದು ಸರಿಯಾದರೆ ಆ ಮಗುವಿಗೆ ಸ್ಥಾನಬೆಲೆ ಬರುತ್ತದೆ, ಸಂಖ್ಯೆಯ ಹೆಸರು ಬರುವುದಿಲ್ಲ.

ವಾಕ್ಯದ ಲೆಕ್ಕಗಳಲ್ಲೂ ಹಾಗೆಯೇ. "403ರಿಂದ 158 ಕಳೆ" ಎಂದರೆ ಸರಿ ಮಾಡುವ ಮಗು "158ನ್ನು 403ರಿಂದ ಕಳೆ" ಎಂದರೆ 158ನ್ನು ಮೇಲೆ ಬರೆಯುತ್ತದೆ. ಮೊದಲು ಕಂಡದ್ದನ್ನು ಮೊದಲು ಬರೆಯುವುದು. "ಕೋಲಾರದ ಮಂಡಿಗೆ 403 ಬಾಕ್ಸ್ ಟೊಮೆಟೊ ಬಂತು, 158 ಲಾರಿಗೆ ಹೋಯಿತು, ಉಳಿದದ್ದೆಷ್ಟು?" ಎಂಬುದನ್ನು ಮಾಡುವ ಮಕ್ಕಳೇ "ಇವತ್ತು 403 ಬಾಕ್ಸ್, ನಿನ್ನೆ 158, ಇವತ್ತು ಎಷ್ಟು ಹೆಚ್ಚು?" ಎಂದರೆ ಕೂಡಿಬಿಡುತ್ತಾರೆ. "ಹೆಚ್ಚು" ಎಂಬ ಪದ ಕಂಡರೆ ಕೂಡು ಎಂದು ಕಲಿತಿರುತ್ತಾರೆ. ಮೂರು ಬಗೆಯ ವಾಕ್ಯಕ್ಕೂ ನಿಮ್ಮ ಹಾಳೆಯಲ್ಲಿ ಬೇರೆ ಬೇರೆ ಗುರುತು ಇರಲಿ. ಜೋಡಿಯಲ್ಲಿ ಮಾತಾಡುವಾಗ ತೆಲುಗಿನಲ್ಲಿ ಮಾತಾಡಿಕೊಳ್ಳಲಿ, ತಡೆಯಬೇಡಿ. ಅವರು ಹೇಗೆ ಯೋಚಿಸುತ್ತಿದ್ದಾರೆ ಎಂಬುದು ಆಗಲೇ ಹೊರಗೆ ಬರುವುದು. ಹೇಳಿ ಬರೆಯುವುದು ಕನ್ನಡದಲ್ಲಿರಲಿ.

"ಅರ್ಥ ಆಯ್ತಾ?" ಎಂಬ ಪ್ರಶ್ನೆಯನ್ನು ಕೇಳುವುದೇ ಬೇಡ. ಅದಕ್ಕೆ "ಆಯ್ತು" ಎನ್ನುವುದು ಮಕ್ಕಳ ಮಟ್ಟಿಗೆ ಮರ್ಯಾದೆಯ ಉತ್ತರ. ಬದಲಿಗೆ ಸ್ಲೇಟು. ಪ್ರಶ್ನೆ ಹೇಳಿ, ಎಲ್ಲರೂ ಬರೆದು ಸ್ಲೇಟನ್ನು ಮಗುಚಿ ಹಿಡಿಯಲಿ, "ತೋರಿಸಿ" ಎಂದಾಗ ಒಟ್ಟಿಗೆ ತಿರುಗಿಸಲಿ. ಒಬ್ಬರು ಮೊದಲೇ ತಿರುಗಿಸಿದರೆ ಉಳಿದವರು ಒರೆಸಿಕೊಂಡು ಅದನ್ನೇ ಬರೆಯುತ್ತಾರೆ, ಆದ್ದರಿಂದ ಮಗುಚುವ ನಿಯಮ ಗಟ್ಟಿಯಾಗಿರಲಿ. ಅಂಕಿ ದೊಡ್ಡದಾಗಿ, ಉತ್ತರ ಮಾತ್ರ.

ಬಾಯಿ ಪ್ರಶ್ನೆ ಕೇಳುವಾಗ ಕಾಯಬೇಕು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಕನ್ನಡದಲ್ಲಿ ಕೇಳಿಸಿಕೊಂಡು ತೆಲುಗಿನಲ್ಲಿ ಯೋಚಿಸಿ ಮತ್ತೆ ಕನ್ನಡಕ್ಕೆ ತರುವ ಮಗುವಿಗೆ ಮೂರೂ ಸಾಲದು, ಐದರವರೆಗೆ ಮನಸ್ಸಿನಲ್ಲಿ ಎಣಿಸಿ. ಉತ್ತರ ಬಂದ ಮೇಲೂ "ಸರಿ" ಎನ್ನುವ ಮುಂಚೆ ಅಷ್ಟೇ ಕಾಯಿರಿ. ಆ ಮೌನದಲ್ಲಿ ಮಗು "ಯಾಕೆಂದರೆ" ಎಂದು ಮುಂದುವರಿಸುತ್ತದೆ, ನಿಮಗೆ ಬೇಕಾದ ಮಾಹಿತಿ ಆ "ಯಾಕೆಂದರೆ"ಯ ನಂತರ ಇರುತ್ತದೆ.

---

ಮಾವಿನತೋಪು_ಶ್ರೀನಿವಾಸಪುರ:

ಎಲ್ಲರಿಗೂ ಕೃತಜ್ಞತೆಗಳು. 502 − 264, 43 − 18 ಎರಡನ್ನೂ ಸ್ಲೇಟಿನಲ್ಲಿ ಕೊಟ್ಟಾಯಿತು. 255ರ ಐವರಲ್ಲಿ ಮೂವರು 268, ಇಬ್ಬರು 248. 355ರ ಏಳು ಮಂದಿಯಲ್ಲಿ ನಾಲ್ವರು 25, ಮೂವರು 35. ಹಿಂದೆ ಒಂದೇ ಗುಂಪಾಗಿ ಕಾಣುತ್ತಿದ್ದವರು ಈಗ ನಾಲ್ಕೈದು ಗುಂಪಾದರು. ಒಬ್ಬರೇ ಶಿಕ್ಷಕರು ಇಷ್ಟು ಗುಂಪನ್ನು ನಿಭಾಯಿಸುವುದು ಹೇಗೆ? ಪಾಠದ ವೇಳಾಪಟ್ಟಿಯ ಪ್ರಶ್ನೆಯೂ ಹಾಗೇ ಉಳಿದಿದೆ.

---

ಸಿದ್ದರಬೆಟ್ಟ_ಗಣಿತ:

ಗುಂಪು ಐದಾದರೂ ಬೇಕಾದ ಪಾಠ ಎರಡೇ. 35 ಬರೆದ ಮೂವರು ಒಂದು ಕಡೆ. ಅವರಿಗೆ ಎರಡಂಕಿ, ಕಡ್ಡಿ ಕಂತೆ. ಹತ್ತತ್ತು ಕಡ್ಡಿಯನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, 4 ಕಂತೆ 3 ಬಿಡಿ ಕೊಟ್ಟು "18 ನನಗೆ ಕೊಡು" ಎನ್ನಿ. ಕೈಯಲ್ಲಿ 3 ಬಿಡಿ ಇರುವಾಗ 8 ಕೊಡಬೇಕಾದರೆ ಕಂತೆ ಬಿಚ್ಚದೆ ಗತಿಯಿಲ್ಲ. 8ರಿಂದ 3 ಕಳೆಯುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ, ಯಾಕೆಂದರೆ 18 ಎಂಬುದು ಮೇಜಿನ ಮೇಲೆ ಇಲ್ಲ. ಈ ಕಾರಣಕ್ಕೇ ಎರಡೂ ಸಂಖ್ಯೆಗೆ ಕಡ್ಡಿ ಜೋಡಿಸಿಟ್ಟು ಕಳೆಯಲು ಹೇಳಬಾರದು. ಹಾಗಿಟ್ಟರೆ ಮಗು ಮತ್ತೆ ದೊಡ್ಡ ರಾಶಿಯಿಂದ ಚಿಕ್ಕದನ್ನು ತೆಗೆಯುತ್ತದೆ.

ಉಳಿದ ತಪ್ಪುಗಳಿಗೆ, ಅಂದರೆ 25 ಬರೆದ ನಾಲ್ವರು, 268ರ ಮೂವರು, 248ರ ಇಬ್ಬರು, 345ರ ಇಬ್ಬರು, ಒಟ್ಟು 11 ಮಂದಿಗೆ, ಬೇಕಿರುವುದು ನೂರನ್ನು ಹತ್ತಾಗಿ, ಹತ್ತನ್ನು ಬಿಡಿಯಾಗಿ ಬಿಡಿಸುವ ಎರಡು ಹೆಜ್ಜೆ. ಆಟದ ನೋಟು ಸಾಕು. ಹಳೆಯ ಲಗ್ನಪತ್ರಿಕೆ, ಕ್ಯಾಲೆಂಡರಿನ ಹಿಂಬದಿ ಕತ್ತರಿಸಿ. ಮೂವರಿಗೊಂದು ಸೆಟ್: 100ರ ನೋಟು 5, 10ರದು 20, 1ರದು 20. ಅಳತೆ ಮೂರೂ ಬೇರೆ ಬೇರೆ ಇರಲಿ. ಒಬ್ಬರ ಕೈಯಲ್ಲಿ ಹಣ, ಒಬ್ಬರು ಬ್ಯಾಂಕು, ಒಬ್ಬರು ಬರೆಯುವವರು. ಇಬ್ಬರೇ ಇದ್ದಲ್ಲಿ ಬ್ಯಾಂಕಿನವರೇ ಬರೆಯಲಿ.

403 ಇದ್ದಾಗ 8 ಕೊಡಲು ಬಿಡಿ ಸಾಲದು, ಹತ್ತರ ನೋಟೇ ಇಲ್ಲ. ನೂರನ್ನು ಬ್ಯಾಂಕಿಗೆ ಕೊಟ್ಟು ಹತ್ತು ಹತ್ತರ ನೋಟು, ಅದರಲ್ಲಿ ಒಂದನ್ನು ಕೊಟ್ಟು ಹತ್ತು ಒಂದರ ನೋಟು. ಪ್ರತಿ ಬದಲಾವಣೆ ಆದ ಮೇಲೂ ಕೈಯಲ್ಲಿರುವುದನ್ನು ಎಣಿಸಿ, 300 + 90 + 13, ಈಗಲೂ 403 ಇದೆಯೇ ಎಂದು ನೋಡಬೇಕು. ಮಕ್ಕಳು ತಪ್ಪುವುದು ಇಲ್ಲೇ: ನೋಟು ಕೊಡದೆ ಚಿಲ್ಲರೆ ಮಾತ್ರ ತೆಗೆದುಕೊಳ್ಳುತ್ತಾರೆ. ನೂರು ಕೊಡದಿದ್ದರೆ 345, ಹತ್ತು ಕೊಡದಿದ್ದರೆ 255. ಪುಸ್ತಕದಲ್ಲಿ ಕಂಡ ತಪ್ಪು ಕೈಯಲ್ಲೇ ಕಾಣಿಸುತ್ತದೆ.

ಇನ್ನೊಂದು ಮುಖ್ಯ ಸಂಗತಿ. ನೋಟಿನಲ್ಲಿ ಸರಿಯಾಗಿ ಮಾಡಿದ ಮಕ್ಕಳು ಪುಸ್ತಕಕ್ಕೆ ಹೋದ ಕೂಡಲೇ ಹಳೆಯ ತಪ್ಪನ್ನೇ ಮಾಡುವುದು ತುಂಬ ಸಾಮಾನ್ಯ. ನೋಟು ಒಂದು ದಿನ, ಬರಹ ಇನ್ನೊಂದು ದಿನ ಮಾಡಿದರೆ ಹೀಗಾಗುತ್ತದೆ. ಒಂದು ನೋಟು ಕೈ ಬದಲಾದ ಕ್ಷಣದಲ್ಲೇ ಬರೆಯುವವರು 4 ಹೊಡೆದು 3 ಬರೆಯಬೇಕು, 0 ಹೊಡೆದು 10, ಮತ್ತೆ 10 ಹೊಡೆದು 9. ನೇರವಾಗಿ 9 ಬರೆಯಲು ಈ ವಾರ ಬಿಡಬೇಡಿ.

---

ಕಲ್ಪತರು_ತಿಪಟೂರು:

25ರ ನಾಲ್ವರನ್ನು ಉಳಿದವರ ಜೊತೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. 268, 248, 345ರವರಿಗೆ ಬಿಡಿಸಿಕೊಳ್ಳಬೇಕು ಎಂದು ಗೊತ್ತಿದೆ, ಹೆಜ್ಜೆ ತಪ್ಪುತ್ತಿದೆ. ಈ ನಾಲ್ವರು ಸೊನ್ನೆ ಕಂಡಾಗ ಹಳೆಯ ನಿಯಮಕ್ಕೆ ಜಾರಿದ್ದಾರೆ. ಜೊತೆಗೆ ಕೂರಿಸಿದರೆ ಗೊತ್ತಿರುವವರು ನೋಟು ಎತ್ತುತ್ತಾರೆ, ಇವರು ನೋಡುತ್ತಾರೆ. ಮೊದಲು 423 − 158 ಕೊಟ್ಟು, ಸೊನ್ನೆ ಇಲ್ಲದೆ ಎರಡು ಸಲ ಬಿಡಿಸುವುದು ಬರುತ್ತದೆಯೇ ನೋಡಿ. 265 ಬಂದ ಮೇಲೆ ಸೊನ್ನೆಗೆ ಬರಲಿ.

---

ಸಿದ್ದರಬೆಟ್ಟ_ಗಣಿತ:

423 − 158 ಸೇರಿಸುವುದು ಒಳ್ಳೆಯದು. ಆದರೆ ಗುಂಪು ಒಡೆಯುವ ಬದಲು ಪಾತ್ರ ನಿಗದಿ ಮಾಡಿದರೆ ಸಾಕು: ಆ ನಾಲ್ವರು ನಾಲ್ಕು ಬೇರೆ ಸೆಟ್ಟಿನಲ್ಲಿ ಕೂತು, ಮೊದಲ ಎರಡು ಲೆಕ್ಕಕ್ಕೆ ಹಣ ಅವರ ಕೈಯಲ್ಲೇ ಇರಲಿ, ಬೇರೆಯವರು ಮುಟ್ಟುವಂತಿಲ್ಲ. ಒಬ್ಬರೇ ಶಿಕ್ಷಕರಿರುವ ಕೊಠಡಿಗೆ ಮೂರನೇ ಗುಂಪು ಭಾರ.

---

ಕ್ಲಸ್ಟರ್_ಗೌರಿಬಿದನೂರು:

ಗುಂಪುಗಳ ಬಗ್ಗೆ ಹೆದರಬೇಡಿ. ನಿಮ್ಮ ಮಕ್ಕಳು 1ರಿಂದ 3ನೇ ತರಗತಿವರೆಗೆ ನಲಿ ಕಲಿಯಲ್ಲಿ ಬಂದವರು. ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಜಾಗ ಬದಲಿಸಿ ಕೂರುವುದು ಅವರಿಗೆ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿ ಮಿಶ್ರ ತರಗತಿಗೆಂದೇ ಬೆಳೆದದ್ದು. 4ನೇ ತರಗತಿಗೆ ಬಂದ ಕೂಡಲೇ ಅದನ್ನು ಬಿಟ್ಟು ಎಲ್ಲರನ್ನೂ ಬೋರ್ಡಿನ ಕಡೆ ತಿರುಗಿಸುವವರು ನಾವು.

40 ನಿಮಿಷವನ್ನು ಹೀಗೆ ಹಂಚಿ. ಮೊದಲ 5 ನಿಮಿಷ ಎಲ್ಲರಿಗೂ ಸ್ಲೇಟು ಲೆಕ್ಕ. ನಂತರದ 15 ನಿಮಿಷ ನೋಟಿನ ಗುಂಪುಗಳ ಜೊತೆ ನೀವು, ಆ ಹೊತ್ತಿಗೆ ಕಡ್ಡಿಯ ಮೂವರು ಈಗಾಗಲೇ ಬರುವ ಕೂಡುವ ಲೆಕ್ಕ ಮಾಡಲಿ. ಮುಂದಿನ 12 ನಿಮಿಷ ಕಡ್ಡಿಯ ಮೂವರ ಜೊತೆ ನೀವು, ನೋಟಿನವರು ತಾವೇ ಮುಂದಿನ ಲೆಕ್ಕ. ಕೊನೆಯ 8 ನಿಮಿಷ ಚೀಟಿ: ಪುಸ್ತಕದ ಕಾಲು ಹಾಳೆಯಲ್ಲಿ ಹೆಸರು, ಎರಡು ಲೆಕ್ಕ. ಸರಿ ಬಂದ 9 ಮಂದಿಯನ್ನು ಪುಟ್ಟ ಮೇಷ್ಟ್ರುಗಳನ್ನಾಗಿ ಮಾಡಿ ಇತರರ ಪಕ್ಕ ಕೂರಿಸುವುದು ಬೇಡ, ಅವರು ಉತ್ತರ ಹೇಳಿಬಿಡುತ್ತಾರೆ. ಅವರಿಗೆ 345, 255 ಎಂಬ ತಪ್ಪು ಉತ್ತರ ಕೊಟ್ಟು "ಈ ಉತ್ತರ ಹೇಗೆ ಬಂದಿರಬಹುದು?" ಎಂದು ಬರೆಯಲು ಹೇಳಿ. ಖಾಲಿ ಪುಟದ ಇಬ್ಬರನ್ನು ನೋಟಿನ ಗುಂಪಿಗೆ ಸೇರಿಸಿ, ಅವರ ಮೇಲೆ ಅಂದು ವಿಶೇಷ ಕಣ್ಣಿರಲಿ.

ಚೀಟಿಗಳನ್ನು ಅಂಕ ಹಾಕದೆ ಮೂರು ರಾಶಿ ಮಾಡಿ: ಎರಡೂ ಸರಿ, ಒಂದು ಸರಿ, ಎರಡೂ ತಪ್ಪು. 26 ಚೀಟಿಗೆ ಐದಾರು ನಿಮಿಷ. ಅರ್ಧಕ್ಕಿಂತ ಹೆಚ್ಚು ಚೀಟಿಯಲ್ಲಿ ಒಂದೇ ತಪ್ಪಿದ್ದರೆ ಎಲ್ಲರಿಗೂ ಮತ್ತೆ, ಆದರೆ ಬೇರೆ ಸಾಮಗ್ರಿಯಲ್ಲಿ. ಐದಾರು ಚೀಟಿಯಾದರೆ ಗುಂಪಿಗೆ ಮಾತ್ರ, ಪಾಠ ಮುಂದೆ ಹೋಗಲಿ. ಒಂದೆರಡಾದರೆ ಪಕ್ಕ ಕೂತು ಮೂರು ನಿಮಿಷ. ಇದನ್ನು ಕಟ್ಟುನಿಟ್ಟಿನ ಗೆರೆ ಎಂದುಕೊಳ್ಳಬೇಡಿ. ಮುಂದಿನ ಪಾಠ ಭಾಗಾಕಾರವಾಗಿದ್ದರೆ ಕಳೆಯುವುದು ಬಾರದ ನಾಲ್ವರಿದ್ದರೂ ನಿಲ್ಲಬೇಕು, ಆಕೃತಿಗಳ ಪಾಠವಾದರೆ ಜೊತೆ ಜೊತೆಗೇ ಸಾಗಬಹುದು.

ವೇಳಾಪಟ್ಟಿಯ ಬಗ್ಗೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಶಿಕ್ಷಕರ ಕರ್ತವ್ಯ ಹೇಳುವಾಗ, ಪಠ್ಯಕ್ರಮವನ್ನು ನಿಗದಿತ ಅವಧಿಯಲ್ಲಿ ಮುಗಿಸುವುದು ಮತ್ತು ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಬೇಕಾದ ಹೆಚ್ಚುವರಿ ಬೋಧನೆ ಕೊಡುವುದು, ಎರಡೂ ಒಂದರ ಪಕ್ಕ ಒಂದಿವೆ. ಪಾಠ ಯೋಜನೆ ಬರೆಯುವಾಗಲೇ ವಾರದ ಆರು ಅವಧಿಯಲ್ಲಿ ಒಂದನ್ನು ಹೆಸರಿಡದೆ ಬಿಡಿ. ಕಂಡದ್ದಕ್ಕೆ ತಕ್ಕಂತೆ ಅದು ತುಂಬಿಕೊಳ್ಳುತ್ತದೆ. ಬದಲಾವಣೆಯನ್ನು ಪಾಠ ಯೋಜನೆಯಲ್ಲೇ ಬೇರೆ ಬಣ್ಣದ ಶಾಯಿಯಲ್ಲಿ ದಿನಾಂಕ ಹಾಕಿ ಬರೆಯಿರಿ. ಹೊಸದಾಗಿ ಚೆಂದ ಮಾಡಿ ಬರೆದರೆ ಏನು ಬದಲಾಯಿತು, ಯಾಕೆ ಎಂಬುದು ಮುಂದಿನ ವರ್ಷ ನಿಮಗೇ ತಿಳಿಯದು.

---

ಮಾವಿನತೋಪು_ಶ್ರೀನಿವಾಸಪುರ:

ಸಂತೆಯ ದಿನ ನಾಲ್ಕೈದು ಮಂದಿ ಬರುವುದಿಲ್ಲ. ಅವರ ಚೌಕ ಖಾಲಿ ಉಳಿಯುತ್ತದೆ. ಮತ್ತೆ, ಈ ಬದಲಾವಣೆ ಫಲ ಕೊಟ್ಟಿತೇ ಎಂದು ಯಾವಾಗ ನೋಡಬೇಕು?

---

ಕಲ್ಪತರು_ತಿಪಟೂರು:

ಖಾಲಿ ಬಿಡಬೇಡಿ, "ಗೈ" ಎಂದು ಬರೆಯಿರಿ. ಇಲ್ಲದಿದ್ದರೆ ವಾರದ ಕೊನೆಯಲ್ಲಿ ಮಗು ಬರಲಿಲ್ಲವೋ, ನೀವು ನೋಡಲಿಲ್ಲವೋ ತಿಳಿಯುವುದಿಲ್ಲ. ಅವರು ಬಂದ ದಿನ ಮೊದಲ ಐದು ನಿಮಿಷದ ಸ್ಲೇಟು ಲೆಕ್ಕದಲ್ಲಿ 607 − 239 ಇರಲಿ. ಸರಿ 368. ಸೊನ್ನೆ ಹಾರಿದರೆ 338, ಹತ್ತು ಕಡಿಮೆ ಮಾಡದಿದ್ದರೆ 378, ನೂರು ಕಡಿಮೆ ಮಾಡದಿದ್ದರೆ 468, ದೊಡ್ಡದರಿಂದ ಚಿಕ್ಕದು ಕಳೆದರೆ 432. ಯಾವ ಸೆಟ್ಟಿಗೆ ಕೂರಿಸಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಫಲ ನೋಡುವುದು ಮರುದಿನ ಬೇಡ. ಮರುದಿನ ಎಲ್ಲರಿಗೂ ಬರುತ್ತದೆ. ಎಂಟು ಹತ್ತು ದಿನ ಬಿಟ್ಟು, ಬೇರೆ ಪಾಠ ನಡೆಯುತ್ತಿರುವಾಗ, ಮೊದಲೇ ಹೇಳದೆ ಮೂರು ಲೆಕ್ಕ: ಸೊನ್ನೆ ಇರುವುದೊಂದು, 423 − 158ರಂಥದ್ದೊಂದು, ಬಿಡಿಸಿಕೊಳ್ಳಲೇ ಬೇಕಿಲ್ಲದ 876 − 432 ಒಂದು. ಮೂರನೆಯದನ್ನು ಮರೆಯಬೇಡಿ. ನೋಟಿನ ಪಾಠದ ನಂತರ ಕೆಲವು ಮಕ್ಕಳು ಎಲ್ಲ ಕಡೆಯೂ ಬಿಡಿಸಲು ಶುರು ಮಾಡುತ್ತಾರೆ, 6ನ್ನು 16 ಮಾಡಿ ಬಿಡಿಯಲ್ಲಿ 14 ಬರೆಯುತ್ತಾರೆ. ಅದು ನಿಮ್ಮ ಪಾಠವೇ ತಂದ ಹೊಸ ತಪ್ಪು. "ಮೇಲಿನದು ಸಾಲುತ್ತದೆಯೇ?" ಎಂದು ಪ್ರತಿ ಸ್ಥಾನದಲ್ಲೂ ಕೇಳಿಕೊಳ್ಳುವ ಅಭ್ಯಾಸ ಬಂದರೆ ಹೋಗುತ್ತದೆ. 600 − 237 ಥರದ ಎರಡು ಸೊನ್ನೆಯ ಲೆಕ್ಕ ಅದಾದ ಮೇಲೆ.